ಟೈ ಅಂಡ್ ಡೈ ಮಾಡಿ ಕೈ ನೇರಳೆಯಾಗಿದೆ, ಭಾನುವಾರದೊಳಗೆ ಹೋಗುತ್ತದಾ?

ಮೊದಲು ಆ ಬ್ಲೀಚಿಂಗ್ ಪೌಡರ್ ಡಬ್ಬವನ್ನು ಎತ್ತಿ ಒಳಗಿಡಿ. ಉಳಿದದ್ದು ಆಮೇಲೆ.

ನೀವು ಬರೆದಿರುವುದು ಇಷ್ಟು: ಮಗಳ ಕಾಲೇಜಿನ ಪ್ರಾಜೆಕ್ಟಿಗೆ ಕಾಟನ್ ದುಪಟ್ಟಾಗಳಿಗೆ ಟೈ ಅಂಡ್ ಡೈ ಮಾಡಿದಿರಿ. ಗ್ಲೌಸ್ ತೂತಾಗಿದ್ದು ಗೊತ್ತಾಗಲಿಲ್ಲ, ಎರಡೂ ಕೈ ಮಣಿಕಟ್ಟಿನವರೆಗೆ ನೇರಳೆ. ಸೋಪು, ನಿಂಬೆಹಣ್ಣು, ಪಾತ್ರೆ ತಿಕ್ಕುವ ನಾರು ಎಲ್ಲ ಆಯ್ತು. ಭಾನುವಾರ ಇಲ್ಲೇ ತುಮಕೂರಿನಲ್ಲಿ ತಂಗಿಯ ನಿಶ್ಚಿತಾರ್ಥ, ಆರತಿ ತಟ್ಟೆ ಹಿಡಿಯಬೇಕಾದವರು ನೀವೇ. ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿದರೆ ಐದೇ ನಿಮಿಷ ಅಂತ ಯಾರೋ ಹೇಳಿದರಂತೆ, ಹಾಕಲಾ ಅಂತ ಕೇಳಿದ್ದೀರಿ.

ಖಂಡಿತ ಬೇಡ. ನಾನು ಹಾಕಿಕೊಂಡು ನೋಡಿದವಳು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನಮ್ಮೂರು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ, ರೇಷ್ಮೆ ಸೀರೆ ನೇಯುವ ಊರು. ಅಪ್ಪ ಮಗ್ಗದಲ್ಲಿ ಕೂತಿದ್ದಕ್ಕಿಂತ ಬಣ್ಣದ ಒಲೆ ಮುಂದೆ ನಿಂತಿದ್ದೇ ಜಾಸ್ತಿ. ಹತ್ತನೇ ಕ್ಲಾಸಿನಲ್ಲಿದ್ದಾಗ ಒಂದು ರಜೆಯಲ್ಲಿ ಅವರ ಜೊತೆ ಕೆಂಪು ಬಣ್ಣದ ನೂಲಿನ ಲಡಿಗಳನ್ನು ಹಿಂಡಿದೆ. ಮಾರನೇ ದಿನ ಸ್ಕೂಲಿನಲ್ಲಿ ಡ್ಯಾನ್ಸ್ ಇತ್ತು, ಅಪ್ಪ ಮನೆಯಲ್ಲಿರಲಿಲ್ಲ. ಟ್ಯಾಂಕಿನ ನೀರಿಗೆ ಹಾಕಲು ಇಟ್ಟಿದ್ದ ಬ್ಲೀಚಿಂಗ್ ಪೌಡರನ್ನು ನೀರಲ್ಲಿ ಕಲಸಿ ಚೆನ್ನಾಗಿ ಉಜ್ಜಿದೆ. ಬಣ್ಣ ಹೋಯಿತು, ಸುಳ್ಳು ಹೇಳುವುದಿಲ್ಲ. ರಾತ್ರಿ ಉರಿ ಶುರುವಾಯಿತು. ಎರಡು ದಿನಕ್ಕೆ ಬೆರಳ ಸಂದುಗಳಲ್ಲಿ ಚರ್ಮ ಸೀಳಿತು. ಎರಡು ವಾರ ಸಾರಿನಲ್ಲಿ ಕೈ ಅದ್ದಲು ಆಗಲಿಲ್ಲ, ಅಮ್ಮ ಮುದ್ದೆ ಮುರಿದು ಬಾಯಿಗೆ ಹಾಕುತ್ತಿದ್ದರು. ಅದು ಬಣ್ಣವನ್ನಷ್ಟೇ ತೆಗೆಯುವುದಿಲ್ಲ, ಚರ್ಮವನ್ನೂ ಸುಡುತ್ತದೆ. ಇನ್ನೊಂದು ಮಾತು, ಇದು ಇನ್ನೂ ಮುಖ್ಯ: ಬ್ಲೀಚಿಂಗ್ ಪೌಡರಿಗೆ ನಿಂಬೆರಸ, ವಿನಿಗರ್, ಟಾಯ್ಲೆಟ್ ತೊಳೆಯುವ ಆಸಿಡ್ ಯಾವುದು ಸೇರಿದರೂ ಕ್ಲೋರಿನ್ ಗಾಳಿ ಬರುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಉಸಿರಿಗೆ ಅಪಾಯ. ನೀವು ಆಗಲೇ ನಿಂಬೆ ಹಚ್ಚಿದ್ದೀರಿ ಅಂತ ಓದಿ ನನಗೆ ಭಯವಾಯಿತು. ಬಣ್ಣದ ಅಂಗಡಿಯವರು ಹೈಡ್ರೋಸ್ ಕೊಟ್ಟರೆ ಅದೂ ಬೇಡ. ಅದು ಬಟ್ಟೆಯ ಬಣ್ಣ ತೆಗೆಯುವ ಪುಡಿ, ಕೈಗಲ್ಲ.

ಈಗ ನಿಮ್ಮ ಕೈಯಲ್ಲಿ ಏನಾಗಿದೆ ಅಂತ ಹೇಳುತ್ತೇನೆ. ಇದು ಗೊತ್ತಾದರೆ ಉಜ್ಜಾಟ ಅರ್ಧ ಕಡಿಮೆಯಾಗುತ್ತದೆ.

ಚರ್ಮದ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಅದು ಕೆರಟಿನ್ ಎಂಬ ಪ್ರೋಟೀನ್. ರೇಷ್ಮೆಯೂ ಪ್ರೋಟೀನೇ. ಹಾಗಾಗಿ ರೇಷ್ಮೆಗೆ ಕಚ್ಚುವ ಬಣ್ಣ ಕೈಗೂ ಕಚ್ಚುತ್ತದೆ. ರೇಷ್ಮೆ ಬಣ್ಣ ಕುದಿಯುವಾಗ ಅಪ್ಪ ಕೊನೆಗೆ ಸ್ವಲ್ಪ ಆಸಿಡ್ ಬಿಡುತ್ತಿದ್ದರು, ನೂಲು ಬಣ್ಣ ಹಿಡಿಯಲಿ ಅಂತ. ಮದರಂಗಿ ಗಾಢವಾಗಲಿ ಅಂತ ನಾವು ಮೇಲೆ ನಿಂಬೆರಸ ಸಕ್ಕರೆ ಹಚ್ಚುತ್ತೇವಲ್ವಾ? ಬಣ್ಣ ನಿಲ್ಲಲಿ ಅಂತ ಹಚ್ಚುವುದನ್ನೇ ಬಣ್ಣ ಹೋಗಲಿ ಅಂತ ಹಚ್ಚಿದರೆ ಹೇಗೆ? ಇನ್ನು ಕಾಟನ್‌ಗೆ ಬಳಸುವ ರಿಯಾಕ್ಟಿವ್ ಡೈ ಬೇರೆ. ಅದನ್ನು ಕಚ್ಚಿಸುವುದು ವಾಷಿಂಗ್ ಸೋಡಾ. ನಿಮ್ಮ ದುಪಟ್ಟಾಗಳನ್ನು ಸೋಡಾ ನೀರಲ್ಲಿ ನೆನೆಸಿದ್ದರೆ ನಿಮ್ಮದು ಬಹುಶಃ ಇದೇ. ಹಾಗಾಗಿ ಅಡುಗೆ ಸೋಡಾ ಪೇಸ್ಟ್ ಮಾಡಿ ಹಚ್ಚುವ ಸಲಹೆ ಬಂದರೂ ಬಿಟ್ಟುಬಿಡಿ. ಹುಳಿಯೂ ಬೇಡ, ಸೋಡಾನೂ ಬೇಡ. ಪ್ಯಾಕೆಟ್ ಬಣ್ಣವನ್ನು ಉಪ್ಪು ಹಾಕಿ ಬಿಸಿನೀರಲ್ಲಿ ಕುದಿಸಿದ್ದರೆ ಚಿಂತೆ ಕಡಿಮೆ, ಅದು ಅಷ್ಟು ಗಟ್ಟಿ ಹಿಡಿಯುವುದಿಲ್ಲ.

ಅಪ್ಪನ ಒಂದು ಅಭ್ಯಾಸ ಹೇಳಬೇಕು. ಸಂಜೆ ಕೆಲಸ ಮುಗಿಸಿ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಮುಂದೆ ಅಂಚು ಒಡೆದ ಒಂದು ಬಿಳಿ ಪಿಂಗಾಣಿ ಬಟ್ಟಲು. ಹರಳೆಣ್ಣೆ ತಿಕ್ಕಿ, ಸೀಗೆಪುಡಿ ಉಜ್ಜಿ, ಕೊನೆಗೆ ಒಂದು ಚೊಂಬು ನೀರನ್ನು ಕೈ ಮೇಲಿಂದ ಆ ಬಟ್ಟಲಿಗೆ ನಿಧಾನವಾಗಿ ಬಿಡುತ್ತಿದ್ದರು. ಬಟ್ಟಲಿನ ನೀರನ್ನು ಬೆಳಕಿಗೆ ಓರೆ ಮಾಡಿ ನೋಡುತ್ತಿದ್ದರು. ಎಲೆಯಷ್ಟು ತೆಳುವಾಗಿ ಬಣ್ಣ ಕಂಡರೂ ಇನ್ನೊಂದು ಸಲ. ನೀರು ತಿಳಿಯಾದ ಮೇಲೆಯೇ ಮುದ್ದೆಯ ತಟ್ಟೆಗೆ ಕೈ. ಉಗುರು ಮಾತ್ರ ನೇರಳೆಯಾಗೇ ಇರುತ್ತಿತ್ತು, ಅದರ ಗೊಡವೆಗೆ ಹೋಗುತ್ತಿರಲಿಲ್ಲ.

ನೀವೂ ಅದನ್ನೇ ಮಾಡಿ. ಬಿಳಿ ಬಟ್ಟಲಿಗೆ ಕೈ ತೊಳೆದ ನೀರು ಬಿಟ್ಟು ನೋಡಿ. ನೀರಿಗೆ ಬಣ್ಣ ಬಂದರೆ ಇನ್ನೂ ಕಚ್ಚದ ಬಣ್ಣ ಮೇಲೆ ಕೂತಿದೆ, ತೊಳೆದಷ್ಟೂ ಹೋಗುತ್ತದೆ. ಅಲ್ಲಿಯವರೆಗೆ ಹಿಟ್ಟು ಕಲಸುವುದು, ಊಟ ಕಲಸುವುದು ಬೇಡ, ಚಮಚದಲ್ಲಿ ತಿನ್ನಿ. ನೀರು ತಿಳಿಯಾಗಿದ್ದೂ ಕೈ ನೇರಳೆಯಾಗೇ ಇದ್ದರೆ ಅದು ಚರ್ಮಕ್ಕೆ ಕಚ್ಚಿದ ಬಣ್ಣ. ಅದನ್ನು ಯಾವ ಸೋಪೂ ತೆಗೆಯುವುದಿಲ್ಲ. ಆ ಚರ್ಮ ಉದುರಬೇಕು, ಅಷ್ಟೇ. ನಾವು ಮಾಡಬಹುದಾದ್ದು ಅದು ಬೇಗ ಉದುರುವ ಹಾಗೆ ನೋಡಿಕೊಳ್ಳುವುದು.

ಹೀಗೆ ಮಾಡಿ. ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ಕೈ ನೆನೆಸಿ. ಬೆರಳ ತುದಿ ಸುಕ್ಕಾಗಲಿ. ಒರೆಸಿಕೊಂಡು ಎರಡು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಸಕ್ಕರೆ ಹಾಕಿ ಕೈ ತುಂಬ ಹಚ್ಚಿ, ಎರಡು ಮೂರು ನಿಮಿಷ ಸುತ್ತಿ ಸುತ್ತಿ ತಿಕ್ಕಿ. ಒತ್ತಬೇಡಿ. ಎಣ್ಣೆ ಈ ಬಣ್ಣವನ್ನು ಕರಗಿಸುವುದಿಲ್ಲ, ಒಣ ಚರ್ಮವನ್ನು ಮೆದು ಮಾಡುತ್ತದೆ. ಸಕ್ಕರೆ ಅದನ್ನು ಎಬ್ಬಿಸುತ್ತದೆ. ಹಳೇ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಕಡಲೆಹಿಟ್ಟೋ ಸೀಗೆಪುಡಿಯೋ ಹಾಕಿ ಇನ್ನೊಮ್ಮೆ ತಿಕ್ಕಿ, ಆಮೇಲೆ ಸೋಪು. ಒಣಗಿದ ತಕ್ಷಣ ಮತ್ತೆ ನಾಲ್ಕು ಹನಿ ಎಣ್ಣೆ. ಬೆಳಗ್ಗೆ ಒಂದು ಸಲ, ರಾತ್ರಿ ಒಂದು ಸಲ. ಮೂರನೇ ಸಲ ಬೇಡ, ಎಷ್ಟು ಆಸೆಯಾದರೂ. ನಡುವೆ ತಲೆಸ್ನಾನ ಮಾಡಿ, ನಾಲ್ಕು ಬಟ್ಟೆ ಕೈಯಲ್ಲೇ ಒಗೆಯಿರಿ. ನೀರಲ್ಲಿ ಆಡಿದ ಕೈಯಿಂದ ಬಣ್ಣ ಬೇಗ ಇಳಿಯುತ್ತದೆ, ಇದನ್ನು ನನ್ನ ಹತ್ತಿರ ಕಲಿಯಲು ಬರುವವರಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಭಾನುವಾರದ ಹೊತ್ತಿಗೆ ಪೂರ್ತಿ ಹೋಗುತ್ತದೆ ಅಂತ ಮಾತು ಕೊಡಲಾರೆ. ಮೇಲಿನ ಚರ್ಮ ಪೂರ್ತಿ ಬದಲಾಗಲು 2ರಿಂದ 4 ವಾರ ಬೇಕು. ಆದರೆ ಐದು ದಿನದಲ್ಲಿ ಕಡು ನೇರಳೆ ತೆಳುವಾಗಿ, ದೂರದಿಂದ ಕಾಣದಷ್ಟು ಆಗುವುದನ್ನು ನನ್ನ ಕೈಯಲ್ಲೇ ಕಂಡಿದ್ದೇನೆ. ಕೈ ಹಿಂಭಾಗ ಬೇಗ ತಿಳಿಯಾಗುತ್ತದೆ. ಅಂಗೈ ಚರ್ಮ ದಪ್ಪ, ಅಲ್ಲಿ ತಡ. ಮದರಂಗಿಯೂ ಹಾಗೇ ಅಲ್ವಾ, ಹಿಂದೆ ಮಾಸಿದರೂ ಅಂಗೈಯಲ್ಲಿ ಉಳಿದಿರುತ್ತದೆ.

ಅಂದ ಹಾಗೆ, ನಿಶ್ಚಿತಾರ್ಥಕ್ಕೆ ಮದರಂಗಿ ಹಾಕಿಸಿಕೊಳ್ಳುವ ಯೋಚನೆ ಇದ್ದರೆ ಒಳ್ಳೆಯದೇ. ಶುಕ್ರವಾರ ಸಂಜೆ ಅಂಗೈ ತುಂಬುವ ಹಾಗೆ ಹಾಕಿಸಿ, ಉಳಿದ ನೇರಳೆ ಅದರಲ್ಲಿ ಅಡಗುತ್ತದೆ. ಎರಡು ಎಚ್ಚರಿಕೆ. ಚರ್ಮ ಎಲ್ಲೂ ತರಚಿರಬಾರದು. ಕಪ್ಪು ಮೆಹಂದಿ ಕೋನ್ ಮಾತ್ರ ಬೇಡ, ಅದರಲ್ಲಿ ಕೂದಲಿಗೆ ಹಾಕುವ ಡೈನ ರಾಸಾಯನಿಕ ಬೆರೆಸಿರಬಹುದು, ಕೆಲವರಿಗೆ ಬೊಬ್ಬೆ ಏಳುತ್ತದೆ. ಉಗುರಿಗೆ ಗಾಢ ಬಣ್ಣದ ನೈಲ್ ಪಾಲಿಶ್ ಹಚ್ಚಿಬಿಡಿ. ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್, ಅದನ್ನು ಕೆರೆದು ಪ್ರಯೋಜನವಿಲ್ಲ. ಉಗುರಿನ ಬುಡಕ್ಕೆ ರಾತ್ರಿ ಎಣ್ಣೆ ಹಚ್ಚಿ ಮಲಗಿ.

ನಿಂಬೆಹಣ್ಣಿನ ಬಗ್ಗೆ ಇಷ್ಟು ಬೈದೆನಲ್ಲ, ಅದಕ್ಕೂ ಒಂದು ಜಾಗ ಇದೆ. ಗುಬ್ಬಿ, ತಿಪಟೂರು ಕಡೆ ಹಸಿ ಅಡಿಕೆ ಸುಲಿಯುವವರ ಕೈ ಕಪ್ಪಾಗುವುದನ್ನು ನೋಡಿರುತ್ತೀರಿ. ಬಾಳೆಕಾಯಿ ಹೆಚ್ಚಿದರೂ ಅಷ್ಟೇ. ಅದು ಒಗರಿನ ಕಲೆ, ಕಬ್ಬಿಣದ ಕತ್ತಿ ತಾಗಿ ಇನ್ನಷ್ಟು ಕಪ್ಪಾಗುತ್ತದೆ. ಆ ಕಪ್ಪಿಗೆ ನಿಂಬೆ, ಹುಣಸೆ ಕೆಲಸ ಮಾಡುತ್ತದೆ. ಅದನ್ನು ಕಂಡೇ ಎಲ್ಲ ಕಲೆಗೂ ನಿಂಬೆ ಅನ್ನುವುದು ರೂಢಿಯಾಗಿರಬೇಕು. ಮಾರ್ಕರ್ ಪೆನ್ನಿನ ಗುರುತಿಗೆ ಸ್ಯಾನಿಟೈಸರ್ ಸಾಕು. ಆಯಿಲ್ ಪೇಂಟಿಗೆ ಅಡುಗೆ ಎಣ್ಣೆ, ಥಿನ್ನರ್ ಸೀಮೆಎಣ್ಣೆ ಬೇಡ. ಅರಿಶಿನಕ್ಕೆ ಏನೂ ಮಾಡಬೇಡಿ, ಸೋಪು ತಾಗಿದರೆ ಒಮ್ಮೆ ಕೆಂಪಾಗುತ್ತದೆ, ಬಿಸಿಲಿಗೆ ತಾನೇ ಮಾಸುತ್ತದೆ. ಬಣ್ಣ ಯಾವುದು ಅಂತ ನೋಡದೆ ಮದ್ದು ಹುಡುಕಿದರೆ ಕೈಗೆ ಸುಮ್ನೆ ಹಿಂಸೆ.

ಮುಂದಿನ ಸಲಕ್ಕೆ ಒಂದೇ ಕೆಲಸ. ಹಲಸಿನಹಣ್ಣು ಬಿಡಿಸುವ ಮುಂಚೆ ಕೈಗೆ ಎಣ್ಣೆ ಹಚ್ಚುತ್ತೇವೆ, ಅಂಟು ಮೆತ್ತಿದ ಮೇಲಲ್ಲ. ಬಣ್ಣಕ್ಕೂ ಹಾಗೇ. ಮಣಿಕಟ್ಟಿನವರೆಗೆ, ಉಗುರಿನ ಬುಡಕ್ಕೆ ಕೊಬ್ಬರಿ ಎಣ್ಣೆಯೋ ವ್ಯಾಸಲೀನೋ ಹಚ್ಚಿ, ಮೇಲೆ ಗ್ಲೌಸ್. ಬಟ್ಟೆಗೆ ಎಣ್ಣೆ ತಾಗಿದ ಜಾಗ ಬಣ್ಣ ಹಿಡಿಯುವುದಿಲ್ಲ, ಹಾಗಾಗಿ ಬಟ್ಟೆ ಗಂಟು ಕಟ್ಟುವ ಕೆಲಸ ಮೊದಲೇ ಮುಗಿಸಿಕೊಳ್ಳಿ. ತೆಳು ಪ್ಲಾಸ್ಟಿಕ್ ಗ್ಲೌಸ್ ಬೇಡ. ಪಾತ್ರೆ ತೊಳೆಯಲು ಬಳಸುವ ಉದ್ದ ತೋಳಿನ ರಬ್ಬರ್ ಗ್ಲೌಸ್ ನಿಮ್ಮ ತುಮಕೂರಿನ ಮಂಡಿಪೇಟೆಯಲ್ಲೇ ಸಿಗುತ್ತದೆ. ಹಾಕಿಕೊಳ್ಳುವ ಮುಂಚೆ ಒಳಗೆ ನೀರು ತುಂಬಿ ಬಾಯಿ ಹಿಡಿದು ಒತ್ತಿ ನೋಡಿ, ತೂತಿದ್ದರೆ ಆಗಲೇ ಗೊತ್ತಾಗುತ್ತದೆ. ಪುಡಿ ಬಣ್ಣ ಕಲಸುವಾಗ ಮೂಗಿಗೆ ಮಾಸ್ಕ್ ಇರಲಿ, ರಿಯಾಕ್ಟಿವ್ ಡೈ ಪುಡಿ ಉಸಿರಿನಲ್ಲಿ ಹೋದರೆ ಕೆಲವರಿಗೆ ಉಬ್ಬಸ ಬರುತ್ತದೆ. ಮಗಳಿಗೂ ಹೇಳಿ.

ನಾರಿನಿಂದ ತಿಕ್ಕಿದ ಕೈ ಈಗ ಉರಿಯುತ್ತಿದ್ದರೆ ಇವತ್ತು ಸಕ್ಕರೆ ಬೇಡ. ಬರೀ ಎಣ್ಣೆ ಹಚ್ಚಿ ಮಲಗಿ, ಉಜ್ಜುವುದು ನಾಳೆ ರಾತ್ರಿಯಿಂದ. ನಾಳೆಯೂ ಕೆಂಪು, ತುರಿಕೆ ಇಳಿಯದಿದ್ದರೆ ಅಥವಾ ಗುಳ್ಳೆ ಎದ್ದಿದ್ದರೆ ಬಣ್ಣದ ಮಾತು ಬಿಟ್ಟು ಚರ್ಮದ ಡಾಕ್ಟರಿಗೆ ತೋರಿಸಿ. ಬಣ್ಣದ ಪ್ಯಾಕೆಟ್ ಎಸೆದಿಲ್ಲ ತಾನೇ? ಹೋಗುವಾಗ ಅದನ್ನೂ ತೆಗೆದುಕೊಂಡು ಹೋಗಿ.