ಹೆಂಡತಿಗೆ ಟ್ರೇಲರ್ ಬೇಕು, ನನಗೆ ಪಾಪ್‌ಅಪ್ ಸಾಕು

ಪ್ರಶ್ನೆ: ನಾವು ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ ಇದ್ದೇವೆ. ಇಬ್ಬರು ಮಕ್ಕಳು, ಹನ್ನೊಂದು ಮತ್ತು ಏಳು ವರ್ಷ. ಆರು ವರ್ಷದ ಹಿಂದೆ ಒಂದು ಹಳೇ ಪಾಪ್‌ಅಪ್ ಕ್ಯಾಂಪರ್ ಕೊಂಡೆವು. ಬೇಸಿಗೆ ಬಂದರೆ ಶನಿವಾರ, ಭಾನುವಾರ ಅದರಲ್ಲೇ ಸಂಸಾರ. ಈಗ ನನ್ನ ಹೆಂಡತಿ ಟ್ರಾವೆಲ್ ಟ್ರೇಲರ್ ಬೇಕೇ ಬೇಕು ಅನ್ನುತ್ತಿದ್ದಾಳೆ. 26 ಅಡಿಯದ್ದೊಂದನ್ನು ನೋಡಿ ಬಂದೆವು. ಖಾಲಿ ತೂಕ 4700 ಪೌಂಡ್. ‘ನಿಮ್ಮ 2019ರ ಹೈಲ್ಯಾಂಡರ್ ಕಾರು 5000 ಪೌಂಡ್ ಎಳೆಯುತ್ತೆ, ಯೋಚನೆ ಬೇಡ’ ಅಂದ ಮಾರುವವನು. ಸಾಲ 15 ವರ್ಷಕ್ಕೆ. ಬರುವ ಜೂನ್‌ನಲ್ಲಿ ನನ್ನ ಅಮ್ಮ ಮೈಸೂರಿನಿಂದ ಬರುತ್ತಾರೆ. ಅವರನ್ನು ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕಿಗೆ ಕರೆದುಕೊಂಡು ಹೋಗಬೇಕು, ಮಂಡಿನೋವು ಇಟ್ಟುಕೊಂಡು ಅವರು ರಾತ್ರಿ ಟಾರ್ಚ್ ಹಿಡಿದು ಕ್ಯಾಂಪಿನ ಬಚ್ಚಲಿಗೆ ನಡೆಯೋಕಾಗಲ್ಲ ಅನ್ನುವುದು ಇವಳ ವಾದ. ನಮ್ಮ ಕನ್ನಡ ಕೂಟದ ಗೆಳೆಯರೊಬ್ಬರು ದೊಡ್ಡ ಟ್ರೇಲರ್ ತಗೊಂಡರು, ಅದಕ್ಕೇ ಈ ಆಸೆ ಹುಟ್ಟಿತು ಅಂತ ನನ್ನ ಅನುಮಾನ. ದುಡ್ಡು ದಂಡ ಅಂದರೆ ಮಾತು ಬಿಡುತ್ತಾಳೆ. ಹೋದ ವರ್ಷ ಪಾಪ್‌ಅಪ್ ಕಟ್ಟಿಕೊಂಡು ಮ್ಯಾಕಿನಾ ಸೇತುವೆ ದಾಟುವಾಗಲೇ ನನ್ನ ಕೈ ಬೆವರಿತ್ತು, ಅದು ಬೇರೆ ವಿಷಯ. ಏನು ಮಾಡಲಿ?
ಹೆಸರು ಬೇಡ, ಮಿಶಿಗನ್

ಉತ್ತರ: ‘ಅದು ಬೇರೆ ವಿಷಯ’ ಅಂದಿರಲ್ಲ, ನನಗೇಕೋ ಅದೇ ವಿಷಯ ಅನ್ನಿಸುತ್ತಿದೆ.

ನಿಮ್ಮ ಪತ್ರ ಇಲ್ಲಿ ಅಚ್ಚಾಗಿರುವುದಕ್ಕಿಂತ ಬಹಳ ಉದ್ದ ಇತ್ತು. ಬಡ್ಡಿ, ಕಂತು, ವಿಮೆ, ಎಲ್ಲದರ ಲೆಕ್ಕ ಪೈಸೆ ಪೈಸೆಗೆ ಬರೆದಿದ್ದೀರಿ. ಸೇತುವೆಗೆ ಮಾತ್ರ ಒಂದೇ ಸಾಲು. ಅದನ್ನೂ ಕೊನೆಯಲ್ಲಿ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತು ಹೇಳುವ ಮಾತಿನ ಹಾಗೆ. ಸುಮ್ನೆ ಕೇಳ್ತೀನಿ, ಆ ಬೆವರಿನ ವಿಷಯ ನಿಮ್ಮ ಹೆಂಡತಿಗೆ ಹೇಳಿದ್ದೀರಾ? ಹೇಳಿಲ್ಲ ಅಂತಲೇ ನನ್ನ ಊಹೆ. ಹೇಳಿದ್ದರೆ ಜಗಳ ಸಾಲದ ಮೇಲೆ ನಡೆಯುತ್ತಿರಲಿಲ್ಲ.

ಊರಲ್ಲಿ ಕೂತು ಓದುವವರಿಗಾಗಿ ಒಂದು ಮಾತು. ಪಾಪ್‌ಅಪ್ ಅಂದರೆ ಕಾರಿನ ಹಿಂದೆ ಎಳೆಯುವ ತಗ್ಗಾದ ಪೆಟ್ಟಿಗೆ. ಜಾಗ ಮುಟ್ಟಿದ ಮೇಲೆ ಹಿಡಿ ತಿರುಗಿಸಿ ಚಾವಣಿ ಎತ್ತಬೇಕು, ಎರಡೂ ಕಡೆ ಮಂಚ ಎಳೆಯಬೇಕು. ಗೋಡೆಗಳೆಲ್ಲ ಕ್ಯಾನ್ವಾಸ್ ಬಟ್ಟೆ. ಟ್ರಾವೆಲ್ ಟ್ರೇಲರ್ ಹಾಗಲ್ಲ. ಗಟ್ಟಿ ಗೋಡೆ, ಅಡುಗೆಕಟ್ಟೆ, ಬಚ್ಚಲು ಎಲ್ಲ ಇರುವ ಚಕ್ರದ ಮನೆ. ಒಂದು ತಗ್ಗು, ಹಗುರ. ಇನ್ನೊಂದು ಎತ್ತರ, ಭಾರ. ಗಾಳಿಗೆ ಆ ವ್ಯತ್ಯಾಸ ಚೆನ್ನಾಗಿ ಗೊತ್ತು.

ನಿಮಗೆ ಭಯ ಆಗಿದ್ದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮ್ಯಾಕಿನಾ ಸೇತುವೆ ಐದು ಮೈಲಿ ಉದ್ದ. ನಡುವೆ ರಸ್ತೆ ನೀರಿನಿಂದ ಸುಮಾರು 200 ಅಡಿ ಮೇಲೆ. ಒಳಗಿನ ಲೇನ್ ಕಬ್ಬಿಣದ ಜಾಲರಿ, ಚಕ್ರ ಗುಂಯ್ ಅನ್ನುತ್ತೆ, ಕೆಳಗೆ ನೀರು ಕಾಣುತ್ತೆ. 1957ರಲ್ಲಿ ಅದು ಶುರುವಾದಾಗಿನಿಂದ ಎಷ್ಟು ಜನರ ಕೈ ಬೆವರಿದೆಯೋ! ದಾಟಲು ಹೆದರುವವರ ಕಾರನ್ನು ಸೇತುವೆಯ ಸಿಬ್ಬಂದಿಯೇ ಓಡಿಸಿ ಆ ಕಡೆ ಬಿಡುವ ಏರ್ಪಾಡೂ ಅಲ್ಲಿದೆ. ಗಾಳಿ ಜೋರಾದ ದಿನ ಎತ್ತರದ ಗಾಡಿಗಳಿಗೆ ಮುಂದೊಂದು ಬೆಂಗಾವಲು ವಾಹನ ಕೊಟ್ಟು ನಿಧಾನವಾಗಿ ದಾಟಿಸುತ್ತಾರೆ. ಇನ್ನೂ ಜಾಸ್ತಿಯಾದರೆ ನಿಲ್ಲಿಸಿಯೇ ಬಿಡುತ್ತಾರೆ. ನಿಮ್ಮ ತಗ್ಗು ಪಾಪ್‌ಅಪ್‌ನಲ್ಲೇ ಕೈ ಬೆವರಿದ್ದರೆ 26 ಅಡಿಯದನ್ನು ನೆನೆದು ಎದೆ ಝಲ್ ಅನ್ನುವುದು ಸಹಜ. ಆದರೆ ಆ ಭಯಕ್ಕೆ ದುಡ್ಡಿನ ವೇಷ ಹಾಕಿದ್ದೀರಿ. ಸಾಲದಕ್ಕೆ, ಗೆಳೆಯರನ್ನು ನೋಡಿ ಹೆಂಡತಿಗೆ ಆಸೆ ಅಂತ ಇನ್ನೊಂದು ವೇಷ ಬೇರೆ. ಅವರು ಯೋಚಿಸುತ್ತಿರುವುದು ನಿಮ್ಮ ತಾಯಿಯ ಮಂಡಿಯ ಬಗ್ಗೆ. ಅತ್ತೆಯ ರಾತ್ರಿಯ ಓಡಾಟ ನೆನೆಸಿಕೊಂಡು ಬಚ್ಚಲು ಬೇಕು ಅನ್ನುವ ಸೊಸೆಗೆ ಜಂಬದ ಪಟ್ಟ ಕಟ್ಟಿದರೆ ಮಾತು ಬಿಡದೆ ಇನ್ನೇನು ಮಾಡುತ್ತಾರೆ?

ಇಷ್ಟು ಬೈದ ಮೇಲೆ ನಿಮ್ಮ ಪರವಾಗಿಯೂ ಒಂದು ಮಾತು. ಆ ಟ್ರೇಲರ್ ಕೊಳ್ಳಬೇಡಿ. ಕಂತು ಜಾಸ್ತಿ ಅನ್ನುವುದಕ್ಕಲ್ಲ, ನಿಮ್ಮ ಕಾರು ಅದನ್ನು ಹೊರಲಾರದು ಅನ್ನುವುದಕ್ಕೆ.

ಮಾರುವವನು ಹೇಳಿದ್ದು ಖಾಲಿ ಗಾಡಿಯ ತೂಕ. ಖಾಲಿ ಗಾಡಿ ಎಳೆದುಕೊಂಡು ಯಾರು ಪ್ರವಾಸ ಹೋಗುತ್ತಾರೆ? ನೀರು ಒಂದು ಗ್ಯಾಲನ್‌ಗೆ 8.3 ಪೌಂಡ್. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ ಅಲ್ಲೇ 330 ಪೌಂಡ್ ಆಯಿತು. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಹಾಸಿಗೆ ಹೊದಿಕೆ, ಪಾತ್ರೆ, ಕುಕ್ಕರ್, ಹತ್ತು ಕೆಜಿ ಸೋನಾ ಮಸೂರಿ ಸೇರಿಸಿ. 5500 ಸುಲಭವಾಗಿ ಮುಟ್ಟುತ್ತೆ. ನಿಮ್ಮ ಕಾರಿನ 5000 ಅಲ್ಲಿಗೇ ಮುಗಿಯಿತು.

ಇನ್ನೊಂದು ಲೆಕ್ಕ ಇದೆ, ಅದನ್ನು ಮಾರುವವರು ಬಾಯಿ ಬಿಟ್ಟು ಹೇಳುವುದು ಕಡಿಮೆ. ಚಾಲಕನ ಬಾಗಿಲು ತೆಗೆಯಿರಿ. ಚೌಕಟ್ಟಿನ ಮೇಲೆ ಒಂದು ಸ್ಟಿಕರ್ ಇರುತ್ತೆ. ಜನ, ಸಾಮಾನು ಎಲ್ಲ ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರುತ್ತೆ. ಅದೇ ಪೇಲೋಡ್. ನಿಮ್ಮ ಕಾರಿನಲ್ಲಿ ಎಷ್ಟಿದೆ ಅಂತ ನೀವೇ ನೋಡಿ. ಸದ್ಯಕ್ಕೆ 1400 ಅಂತ ಹಿಡಿಯೋಣ. ಟ್ರೇಲರ್‌ನ ಮೂತಿ ಕಾರಿನ ಹಿಚ್ ಮೇಲೆ, ಅಂದರೆ ಹಿಂದಿನ ಕೊಂಡಿಯ ಮೇಲೆ ಕೂರುತ್ತದಲ್ಲ, ಆ ಭಾರ ಟ್ರೇಲರ್ ತೂಕದ ನೂರಕ್ಕೆ 10ರಿಂದ 15ರಷ್ಟು ಇರಬೇಕು. 12 ಅಂದರೂ 660 ಪೌಂಡ್. ಇದೂ ಪೇಲೋಡ್‌ನಲ್ಲೇ ಕಳೆಯುತ್ತೆ. ನೀವಿಬ್ಬರು, ಮಕ್ಕಳಿಬ್ಬರು, ಅಮ್ಮ ಸೇರಿ ಒಂದು 600. ಹಿಚ್‌ನ ಕಬ್ಬಿಣ ಒಂದು 80. ಉಳಿದದ್ದು 60 ಪೌಂಡ್. ಅಮ್ಮನ ಒಂದು ಸೂಟ್‌ಕೇಸೇ 50 ಪೌಂಡ್ ಇರುತ್ತೆ, ವಿಮಾನದ ಲೆಕ್ಕದಲ್ಲಿ! ಅಮ್ಮನಿಗೋಸ್ಕರ ಟ್ರೇಲರ್ ತಗೊಂಡು ಅಮ್ಮನ ಸೀರೆಗೇ ಜಾಗ ಇಲ್ಲ ಅಂದ ಹಾಗಾಯಿತು.

ಹಾಗಾದರೆ ಮೂತಿಯ ಭಾರ ಕಡಿಮೆ ಮಾಡಲು ಸಾಮಾನೆಲ್ಲ ಹಿಂದಕ್ಕೆ ಹಾಕೋಣ ಅನ್ನಿಸುತ್ತೆ. ದಯವಿಟ್ಟು ಬೇಡ. ಎತ್ತಿನ ಗಾಡಿ ಕಂಡಿದ್ದೀರಲ್ಲ? ಹಿಂದೆ ಭಾರ ಜಾಸ್ತಿಯಾದರೆ ನೊಗ ಮೇಲೇಳುತ್ತೆ, ಎತ್ತಿಗೆ ಗಾಡಿ ಹತೋಟಿಗೆ ಸಿಗುವುದಿಲ್ಲ. ಇಲ್ಲೂ ಅಷ್ಟೆ. ಮೂತಿ ಹಗುರಾದ ಟ್ರೇಲರ್ ಹೈವೇಯಲ್ಲಿ ನಾಯಿಯ ಬಾಲದ ಹಾಗೆ ಅತ್ತಿತ್ತ ಆಡುತ್ತೆ. ಇದನ್ನೇ ಸ್ವೇ ಅನ್ನುತ್ತಾರೆ. ಪಕ್ಕದಲ್ಲಿ ಒಂದು ದೊಡ್ಡ ಟ್ರಕ್ ಭರ್ರನೆ ಹೋದರೂ ಸಾಕು, ಅದು ಶುರುವಾಗೋಕೆ. ಒಹಾಯೋದಲ್ಲಿದ್ದಾಗ ನಮ್ಮ ಯಜಮಾನರು ಟ್ರೇಲರ್ ಹಿಂಭಾಗದಲ್ಲಿ ನಾಲ್ಕು ಸೈಕಲ್ ನೇತುಹಾಕಿ ಹೊರಟಿದ್ದರು. ಇಪ್ಪತ್ತು ಮೈಲಿ ಹೋಗುವಷ್ಟರಲ್ಲಿ ನಾನು ಊರ ದೇವರಿಗೆಲ್ಲ ಹರಕೆ ಹೊತ್ತಿದ್ದೆ. ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಸೈಕಲ್‌ಗಳನ್ನು ಕಾರಿನ ಚಾವಣಿಗೆ ಕಟ್ಟಿದ ಮೇಲೆ ಗಾಡಿ ಹಸುವಿನ ಹಾಗೆ ಹಿಂದೆ ಬಂತು.

ಅಂದರೆ ದಾರಿ ಎರಡು. ದೊಡ್ಡ ಟ್ರೇಲರೇ ಬೇಕಾದರೆ ಪಿಕಪ್ ಟ್ರಕ್ಕೂ ಬೇಕು, ಖರ್ಚು ಹಾಗಾದರೆ ಎರಡು. ಈಗಿನ ಕಾರೇ ಸಾಕು ಅಂದರೆ ಖಾಲಿ ತೂಕ 3000 ಪೌಂಡಿನ ಆಸುಪಾಸು ಇರುವ, 18-20 ಅಡಿಯ ಚಿಕ್ಕದು ನೋಡಿ. ಬಚ್ಚಲು ಅದರಲ್ಲೂ ಇರುತ್ತೆ. ಇಕ್ಕಟ್ಟು, ನಿಜ. ಬೆನ್ನಿಗೆ ಸೋಪು ಹಚ್ಚುವಾಗ ಮೊಣಕೈ ಗೋಡೆಗೆ ಬಡಿಯುತ್ತೆ. ಆದರೆ ರಾತ್ರಿ ಎರಡು ಗಂಟೆಗೆ ಮಂಡಿನೋವಿನವರಿಗೆ ಅದು ಅರಮನೆ. ಟ್ರೇಲರ್ ಚಕ್ರದ ಬ್ರೇಕನ್ನು ಕಾರಿನಿಂದಲೇ ಹಿಡಿಸುವ ಬ್ರೇಕ್ ಕಂಟ್ರೋಲರ್ ಹಾಕಿಸದೆ ಮಾತ್ರ ಹೊರಡಬೇಡಿ.

ಇನ್ನು ಯೆಲ್ಲೋಸ್ಟೋನ್. ಇಲ್ಲಿ ನಿಮ್ಮ ಹೆಂಡತಿಯ ಮಾತಿಗೆ ಬಲ ಇದೆ. ಆ ಪಾರ್ಕಿನೊಳಗೆ ನೀರು, ಕರೆಂಟು, ಒಳಚರಂಡಿ ಮೂರೂ ಸಿಗುವ ಕ್ಯಾಂಪ್ ಫಿಶಿಂಗ್ ಬ್ರಿಜ್ ಒಂದೇ. ಅಲ್ಲಿ ಗ್ರಿಜ್ಲಿ ಕರಡಿ ಓಡಾಡುವುದರಿಂದ ಬಟ್ಟೆ ಗೋಡೆಯ ಯಾವುದನ್ನೂ ಬಿಡುವುದಿಲ್ಲ. ಟೆಂಟೂ ಇಲ್ಲ, ಪಾಪ್‌ಅಪ್ಪೂ ಇಲ್ಲ. ಗಟ್ಟಿ ಗೋಡೆಯ ಟ್ರೇಲರ್‌ಗೆ ಬಟ್ಟೆಯ ಮಂಚ ಹೊರಗೆ ಚಾಚುವ ಹೈಬ್ರಿಡ್ ಅಂತ ಬರುತ್ತದಲ್ಲ, ಅದಕ್ಕೂ ಪ್ರವೇಶ ಇಲ್ಲ. ಮ್ಯಾಡಿಸನ್, ಗ್ರ್ಯಾಂಟ್ ಮುಂತಾದ ಕ್ಯಾಂಪ್‌ಗಳಲ್ಲಿ ಪಾಪ್‌ಅಪ್ ಹಾಕಬಹುದು, ಆದರೆ ಕರೆಂಟು ಇಲ್ಲ. ಯೆಲ್ಲೋಸ್ಟೋನ್ ಸರೋವರ ಇರುವುದು 7700 ಅಡಿ ಎತ್ತರದಲ್ಲಿ. ಜೂನ್‌ನಲ್ಲೂ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ ಬೀಳಬಹುದು. ಮೈಸೂರಿನಲ್ಲಿ ಡಿಸೆಂಬರ್ ಬಂದರೆ ಕಿವಿಗೆ ಮಫ್ಲರ್ ಸುತ್ತಿಕೊಳ್ಳುವ ಅಮ್ಮನನ್ನು ಬಟ್ಟೆ ಗೋಡೆಯೊಳಗೆ ಮಲಗಿಸುತ್ತೀರಾ?

ಆದರೆ ಡೆಟ್ರಾಯಿಟ್‌ನಿಂದ ಅಲ್ಲಿಗೆ ಒಂದೂವರೆ ಸಾವಿರ ಮೈಲಿಗೂ ಜಾಸ್ತಿ. ಹೊಸ ಟ್ರೇಲರ್, ಹೊಸ ಕೈ, ಹಿಂದಿನ ಸೀಟಿನಲ್ಲಿ ಅಮ್ಮ. ಮೊದಲ ಪ್ರಯಾಣಕ್ಕೆ ಇದು ಅಲ್ಲ. ಗ್ಯಾಲನ್‌ಗೆ 20 ಮೈಲಿ ಕೊಡುವ ಕಾರು ಎತ್ತರದ ಟ್ರೇಲರ್ ಕಟ್ಟಿದರೆ 10ರ ಹತ್ತಿರಕ್ಕೆ ಇಳಿಯುತ್ತೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಅಂದಹಾಗೆ, ಅಮ್ಮನಿಗೆ ಯೆಲ್ಲೋಸ್ಟೋನ್ ನೋಡುವ ಆಸೆ ಇದೆಯಾ ಅಂತ ಯಾರಾದರೂ ಕೇಳಿದ್ದೀರಾ? ಪತ್ರದಲ್ಲಿ ಅದೆಲ್ಲೂ ಕಾಣಲಿಲ್ಲ. ಮೊಮ್ಮಕ್ಕಳ ಜೊತೆ ಕೆರೆ ದಂಡೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದೇ ಅವರಿಗೆ ಸಾಕಾಗಿದ್ದರೆ ನಿಮ್ಮ ಮಿಶಿಗನ್‌ನಲ್ಲಿ ಕೆರೆಗಳಿಗೇನು ಬರ? ಸ್ಲೀಪಿಂಗ್ ಬೇರ್ ಮರಳುದಿಬ್ಬಗಳ ಹತ್ತಿರ ಪ್ಲಾಟ್ ರಿವರ್ ಕ್ಯಾಂಪ್‌ನಲ್ಲಿ ಕರೆಂಟು ಇರುವ ಜಾಗಗಳೂ ಇವೆ. ರಾಜ್ಯದ ಪಾರ್ಕ್‌ಗಳಿಗೆ ಆರು ತಿಂಗಳ ಮೊದಲೇ ಬುಕಿಂಗ್ ತೆರೆಯುತ್ತೆ, ಜೂನ್ ಬೇಕಾದರೆ ಈಗಲೇ ಕ್ಯಾಲೆಂಡರ್ ನೋಡಿ.

ನಾನಾಗಿದ್ದರೆ ಈ ಬೇಸಿಗೆಗೆ ಯಾವುದನ್ನೂ ಕೊಳ್ಳುತ್ತಿರಲಿಲ್ಲ. ಬಾಡಿಗೆಗೆ ತಗೊಳ್ಳುತ್ತಿದ್ದೆ. ಟ್ರೇಲರ್ ಇಟ್ಟುಕೊಂಡವರೇ ಅದನ್ನು ಕ್ಯಾಂಪಿಗೆ ಎಳೆದು ತಂದು, ನಿಲ್ಲಿಸಿ, ನೀರು ಕರೆಂಟು ಜೋಡಿಸಿಕೊಟ್ಟು ಹೋಗುವ ಬಾಡಿಗೆ ಪದ್ಧತಿ ನಿಮ್ಮಲ್ಲಿ ಚೆನ್ನಾಗಿ ನಡೆಯುತ್ತೆ. ನೀವು ಎಳೆಯುವುದೇ ಬೇಡ. ನಾಲ್ಕು ರಾತ್ರಿ ಕಳೆಯಿರಿ. ಅಮ್ಮ ಆ ಮೆಟ್ಟಿಲು ಹತ್ತುತ್ತಾರಾ, ಮಕ್ಕಳು ಗಟ್ಟಿ ಗೋಡೆಯೊಳಗೆ ಬೇಜಾರು ಪಡುತ್ತಾರಾ, ಎಲ್ಲ ಗೊತ್ತಾಗುತ್ತೆ. ಒಂದು ಎಚ್ಚರಿಕೆ: ಒಳಗೆ ಒಗ್ಗರಣೆ ಹಾಕಬೇಡಿ. ಇಂಗು, ಒಣಮೆಣಸಿನಕಾಯಿ ಘಾಟು ಸೋಫಾಕ್ಕೆ ಹಿಡಿದರೆ ಬಾಡಿಗೆ ಠೇವಣಿ ವಾಪಸ್ ಬರುವುದು ಕಷ್ಟ. ಸ್ಟೌವ್ ಹೊರಗಿನ ಮೇಜಿನ ಮೇಲಿರಲಿ.

ಆಮೇಲೂ ಬೇಕು ಅನ್ನಿಸಿದರೆ ಕೊಳ್ಳಿ, ಹಳೆಯದನ್ನೇ ಕೊಳ್ಳಿ. ಹೊಸದರ ಬೆಲೆ ಅಂಗಡಿ ಗೇಟು ದಾಟುತ್ತಲೇ ಇಳಿಯುತ್ತೆ, 15 ವರ್ಷದ ಸಾಲ ಮಾತ್ರ ನಿಧಾನಕ್ಕೆ ಇಳಿಯುತ್ತೆ. ನಾವು ಕೊಂಡಿದ್ದು ಹಳೆಯದೇ, ಆದರೆ ಮೋಸ ಹೋದೆವು. ಹೊರಗೆ ಫಳಫಳ ಅನ್ನುತ್ತಿತ್ತು. ಮೂರನೇ ತಿಂಗಳಿಗೆ ಹಾಸಿಗೆ ಕೆಳಗಿನ ಹಲಗೆ ಒದ್ದೆ ರಸ್ಕಿನ ಹಾಗೆ ಮೆತ್ತಗಾಗಿತ್ತು. ಚಾವಣಿಯ ಸಂದಿಯಿಂದ ವರ್ಷಗಟ್ಟಲೆ ನೀರು ಇಳಿದಿತ್ತು. ಆದ್ದರಿಂದ ಮೂಲೆಮೂಲೆ ಒತ್ತಿ ನೋಡಿ, ಕಪಾಟಿನೊಳಗೆ ಮೂಗಿಟ್ಟು ಮೂಸಿ, ನೆಲವನ್ನು ಕಾಲಲ್ಲಿ ತುಳಿದು ನೋಡಿ. ಟೈರಿನ ಮೇಲೆ ಡಾಟ್ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಓದಿ. 2319 ಅಂದರೆ 2019ರ 23ನೇ ವಾರದ್ದು. ಗೀರು ಚೆನ್ನಾಗಿದ್ದರೂ ವಯಸ್ಸಾದ ಟೈರು ನಂಬಬೇಡಿ. ನಿಮ್ಮ ಬಡಾವಣೆಯ ಅಸೋಸಿಯೇಷನ್ ಮನೆ ಮುಂದೆ ಟ್ರೇಲರ್ ನಿಲ್ಲಿಸಲು ಬಿಡುತ್ತಾ ಅಂತಲೂ ಕೇಳಿಕೊಳ್ಳಿ. ಪಾಪ್‌ಅಪ್ ಗ್ಯಾರೇಜಿನಲ್ಲಿ ಮಲಗಿತ್ತು, ಇದಕ್ಕೆ ತಿಂಗಳ ಬಾಡಿಗೆ ಕೊಟ್ಟು ಜಾಗ ಹುಡುಕಬೇಕಾಗಬಹುದು.

ಕೈ ಬೆವರುವುದಕ್ಕೆ ಮದ್ದು ಅಭ್ಯಾಸವೇ. ಭಾನುವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ. ಹೆಂಡತಿಯನ್ನೂ ಕರೆದುಕೊಂಡು ಹೋಗಿ, ಅವರೂ ಕಲಿಯಲಿ. ಸ್ಟಿಯರಿಂಗ್‌ನ ಕೆಳಭಾಗದಲ್ಲಿ ಕೈ ಇಡಿ. ರಿವರ್ಸ್ ಹೋಗುವಾಗ ಕೈ ಯಾವ ಕಡೆಗೆ ಸರಿಯುತ್ತೋ ಟ್ರೇಲರ್ ಬಾಲ ಆ ಕಡೆಗೇ ಹೋಗುತ್ತೆ. ನಿಮಗೆ ಆಶ್ಚರ್ಯ ಆಗಬಹುದು, ರಿವರ್ಸ್ ಹೋಗಲು ಉದ್ದದ ಟ್ರೇಲರೇ ಸುಲಭ. ಚಿಕ್ಕದು ಚುರುಕು ಜಾಸ್ತಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತೆ. ಇಷ್ಟು ವರ್ಷ ಪಾಪ್‌ಅಪ್ ಹಿಂದಕ್ಕೆ ತಂದು ನಿಲ್ಲಿಸಿದ್ದೀರಲ್ಲ, ಕಷ್ಟದ ಪಾಠ ಆಗಲೇ ಮುಗಿದಿದೆ.

ಕೆಲಸದ ಹಂಚಿಕೆಯನ್ನೂ ಮೊದಲೇ ಮಾತಾಡಿಕೊಳ್ಳಿ. ‘25 ನಿಮಿಷದಲ್ಲಿ ನಾನೇ ಸೆಟಪ್ ಮಾಡ್ತೀನಿ’ ಅಂತ ಬರೆದಿದ್ದೀರಿ. ಆ 25 ನಿಮಿಷದ ನಂತರ ಹಾಸಿಗೆ ಹಾಸಿದ್ದು, ಡಬ್ಬಿಗಳನ್ನೆಲ್ಲ ಕಾರಿನಿಂದ ಇಳಿಸಿದ್ದು, ಏಳು ವರ್ಷದವನನ್ನು ರಾತ್ರಿ ಬಚ್ಚಲಿಗೆ ಕರೆದುಕೊಂಡು ಹೋಗಿದ್ದು ಯಾರು? ಟ್ರೇಲರ್ ಬಂದರೆ ಕೆಲಸ ಕಡಿಮೆಯಾಗುವುದಿಲ್ಲ, ಬೇರೆಯಾಗುತ್ತೆ. ಬ್ಲ್ಯಾಕ್ ಟ್ಯಾಂಕ್ ಅಂದರೆ ಸಂಡಾಸಿನ ಟ್ಯಾಂಕ್. ಡಂಪ್ ಸ್ಟೇಷನ್‌ನಲ್ಲಿ ಪೈಪ್ ಹಿಡಿದು ಅದನ್ನು ಖಾಲಿ ಮಾಡುವವರು ನೀವೇ ಅಂತ ಇವತ್ತೇ ಒಪ್ಪಿಕೊಂಡುಬಿಡಿ. ಅಕ್ಟೋಬರ್‌ನಲ್ಲಿ ಪೈಪುಗಳು ಹೆಪ್ಪುಗಟ್ಟಿ ಒಡೆಯದ ಹಾಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ದ್ರವ ಹಾಕುವುದೂ ನಿಮ್ಮ ಪಾಲಿಗೇ ಇರಲಿ. ಮಿಶಿಗನ್ ಚಳಿಗೆ ಒಂದು ವರ್ಷ ಮರೆತರೂ ಪೈಪು ಒಡೆಯುತ್ತೆ.

ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಆ ಸೇತುವೆ ವಿಷಯ ಹೇಳಿ. ಲೆಕ್ಕದ ಹಾಳೆ ಮುಂದೆ ಇಟ್ಟುಕೊಳ್ಳಬೇಡಿ. ‘ನಿನ್ನನ್ನೂ ಮಕ್ಕಳನ್ನೂ ಕೂರಿಸಿಕೊಂಡು ಅದನ್ನು ಎಳೆಯೋಕೆ ನನಗೆ ಭಯ’ ಅಂದರೆ ಸಾಕು. ಅವರಿಗೆ ಗೊತ್ತಿರಲೂಬಹುದು, ಪಕ್ಕದ ಸೀಟಿನಲ್ಲಿ ಕೂತವರಿಗೆ ಕಾಣದೆ ಇರುತ್ತಾ? ಬಾಗಿಲ ಸ್ಟಿಕರ್ ಅನ್ನು ಮಾರನೇ ದಿನ ಇಬ್ಬರೂ ಕೂತು ಓದಿ, ಅಮ್ಮನಿಗೆ ಫೋನ್ ಮಾಡಿ ಕೇಳಿ.

ಪಾಪ್‌ಅಪ್ ಅನ್ನು ಮಾತ್ರ ಈಗಲೇ ಮಾರಬೇಡಿ. ಕೊನೆಯ ಸಲ ಮಳೆಯಲ್ಲಿ ಮಡಚಿ ತಂದಿದ್ದರೆ ಬಿಸಿಲು ಬಂದ ದಿನ ಅಂಗಳದಲ್ಲಿ ಬಿಚ್ಚಿ ಪೂರ್ತಿ ಒಣಗಿಸಿ. ಕ್ಯಾನ್ವಾಸಿಗೆ ಒಮ್ಮೆ ಬೂಷ್ಟು ಹಿಡಿದರೆ ಇಟ್ಟುಕೊಳ್ಳುವುದಕ್ಕೂ ಆಗುವುದಿಲ್ಲ, ಮಾರುವುದಕ್ಕೂ ಆಗುವುದಿಲ್ಲ.