ಕೇಳಿಸುವುದು ಮತ್ತು ಕೇಳುವುದು: ಕಲಬುರಗಿಯ ಒಂದು ಆಪ್ತಸಲಹೆ ಪ್ರಕರಣ

ಕುಟುಂಬದವರ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಹೆಸರುಗಳನ್ನು ಬಿಟ್ಟಿದ್ದೇನೆ. ತಂದೆಯನ್ನು ಅವರ ಕ್ರೈಸ್ತ ಸಭೆಯವರು ಕರೆಯುವಂತೆ ‘ಹಿರಿಯರು’ ಎಂದೇ ಕರೆಯುತ್ತೇನೆ.

ಅವರು ಬಂದದ್ದು ಏಪ್ರಿಲ್ ಕೊನೆಯಲ್ಲಿ, ಈಸ್ಟರ್ ಮುಗಿದ ಮೇಲೆ. ಕಲಬುರಗಿಯ ಬಿಸಿಲು 42 ಡಿಗ್ರಿ ಮುಟ್ಟಿತ್ತು. ನನ್ನ ಕೋಣೆಯಲ್ಲಿ ಕೂಲರ್ ಭರ್ರೆಂದು ತಿರುಗುತ್ತಿತ್ತು. ಹಿರಿಯರಿಗೆ 58 ವರ್ಷ. ಊರ ಹೊರಗಿನ ದಾಲ್ ಮಿಲ್ಲಿನಲ್ಲಿ ಮೂವತ್ತು ವರ್ಷ ಯಂತ್ರ ನೋಡಿಕೊಂಡವರು. ಭಾನುವಾರ ಸಭೆಯಲ್ಲಿ, ವಾರದ ದಿನಗಳಲ್ಲಿ ಮನೆ ಮನೆಯ ಪ್ರಾರ್ಥನೆಯಲ್ಲಿ ಬೈಬಲಿನ ವಾಕ್ಯ ಹೇಳುವವರು. ಜೊತೆಯಲ್ಲಿ ಬಂದಿದ್ದ ಮಗಳು ಶಾಲಾ ಶಿಕ್ಷಕಿ. ಅವಳು ಎರಡು ತಿಂಗಳಿನಿಂದ ಮನೆಯ ಸಂಜೆಯ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಿರಲಿಲ್ಲ. ಅದೇ ಜಗಳದ ಮೂಲ.

ಹಿರಿಯರು ಗಟ್ಟಿ ದನಿಯಲ್ಲಿ ಆರಂಭಿಸಿದರು. “ತಂಗಿ, ದೀಪ ಹಚ್ಚಿ ಯಾರಾದರೂ ಕೊಳಗದ ಕೆಳಗೆ ಇಡುತ್ತಾರೆಯೇ? ದೇವರು ನನಗೆ ಕೊಟ್ಟ ಬೆಳಕನ್ನು ನಾನು ಹಂಚಲೇಬೇಕು. ಹಂಚದಿದ್ದರೆ ಇವರ ರಕ್ತಕ್ಕೆ ನಾನೇ ಹೊಣೆ. ಆದರೆ ನನ್ನ ಸ್ವಂತ ಮನೆಯಲ್ಲೇ ಕಿವಿಗಳಿಲ್ಲ.” ಹೀಗೆ ಇಪ್ಪತ್ತು ನಿಮಿಷ. ಮಗಳು ಬಾಯಿ ತೆರೆದಾಗಲೆಲ್ಲ ಅವರು “ಹೌದು, ಹೌದು” ಎಂದು ತಲೆಯಾಡಿಸಿ ತಮ್ಮ ಮಾತನ್ನೇ ಮುಂದುವರಿಸುತ್ತಿದ್ದರು.

ಆ ದಿನ ನನ್ನ ಟಿಪ್ಪಣಿಯಲ್ಲಿ ಬರೆದುಕೊಂಡದ್ದು ಇಷ್ಟು: ಇತರರಿಗೆ ಮಾತಿನ ಅವಕಾಶ ಕೊಡದ ಸ್ವಭಾವ, ಧಾರ್ಮಿಕ ಅಧಿಕಾರದ ಬಳಕೆ. ಎರಡನೆಯ ಭೇಟಿಯಲ್ಲೂ ಅದೇ ದಾರಿಯಲ್ಲಿ ಹೋದೆ. ನಾನು ತಪ್ಪಿದ್ದೆ, ಮತ್ತು ಆ ತಪ್ಪು ಸಣ್ಣದಲ್ಲ. ಒಬ್ಬ ಮನುಷ್ಯನ ದೇಹದ ಕಷ್ಟವನ್ನು ಅವನ ಗುಣದ ದೋಷವೆಂದು ಓದಿಕೊಂಡಿದ್ದೆ.

ಮೂರನೆಯ ಸಲ ಅವರು ಒಬ್ಬರೇ ಬಂದರು. ಅಂದು ವಿದ್ಯುತ್ ಹೋಗಿತ್ತು, ಕೂಲರ್ ನಿಂತಿತ್ತು. ಅದೇ ಮನುಷ್ಯ, ಅದೇ ಕುರ್ಚಿ. ಆದರೆ ನಾನು ಕೇಳಿದ್ದಕ್ಕೆ ಸರಿಯಾದ ಉತ್ತರ ಬರುತ್ತಿತ್ತು. ಅರ್ಧ ಗಂಟೆಯ ನಂತರ ವಿದ್ಯುತ್ ಬಂದು ಕೂಲರ್ ತಿರುಗತೊಡಗಿತು. “ಹೌದು, ಹೌದು” ಮತ್ತೆ ಶುರುವಾಯಿತು. ಎದ್ದು ಕೂಲರ್ ಆರಿಸಿದೆ. ಅವರ ಕಣ್ಣು ನನ್ನ ತುಟಿಗಳ ಮೇಲಿರುವುದನ್ನು ಆಗ ಮೊದಲ ಬಾರಿಗೆ ಗಮನಿಸಿದೆ.

ನಾನು ಅವರ ಹಿಂದೆ ಇದ್ದ ಕಪಾಟಿನ ಬಳಿ ಹೋಗಿ ನಿಂತು, ಸಾಮಾನ್ಯ ದನಿಯಲ್ಲಿ, “ಹಿರಿಯರೇ, ನೀರು ಕುಡಿಯುತ್ತೀರಾ?” ಎಂದೆ. ಉತ್ತರವಿಲ್ಲ.

ಮಿಲ್ಲಿನ ಯಂತ್ರಗಳ ನಡುವೆ ನಿಂತವರಿಗೆ ಇದು ಹೊಸದಲ್ಲ. 85 ಡೆಸಿಬೆಲ್‌ಗಿಂತ ಹೆಚ್ಚಿನ ಸದ್ದಿನಲ್ಲಿ ವರ್ಷಗಟ್ಟಲೆ ದಿನವಿಡೀ ದುಡಿದರೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ. ಒಮ್ಮೆ ಸತ್ತವು ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ತೀಕ್ಷ್ಣ ಸ್ವರಗಳು, ಸುಮಾರು 4000 ಹರ್ಟ್ಸ್ ಆಸುಪಾಸಿನವು. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಸ, ಶ, ತ ಇಂಥ ವ್ಯಂಜನಗಳು ಮಸುಕಾಗುತ್ತವೆ. ಹೆಂಗಸರ ಮತ್ತು ಮಕ್ಕಳ ದನಿ ಗಂಡಸರ ದನಿಗಿಂತ ಹೆಚ್ಚು ಕಷ್ಟವಾಗುತ್ತದೆ. ಅಂದರೆ ಈ ಮನೆಯಲ್ಲಿ ಅವರಿಗೆ ಹೆಚ್ಚು ಕಷ್ಟವಾಗುತ್ತಿದ್ದದ್ದು ಹೆಂಡತಿಯ ಮಾತು ಮತ್ತು ಮಗಳ ಮಾತು. ಇನ್ನೊಂದು ಸಂಗತಿಯೂ ಇದೆ. ಕಿವಿ ಮಂದವಾದ ಅನೇಕರು ಮಾತಿನ ಹಿಡಿತವನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳುತ್ತಾರೆ. ತಾನೇ ಮಾತನಾಡುತ್ತಿರುವಷ್ಟು ಹೊತ್ತು ಕೇಳಿಸಿಕೊಳ್ಳುವ ಶ್ರಮವಿಲ್ಲ, ತಪ್ಪು ತಿಳಿಯುವ ಭಯವೂ ಇಲ್ಲ.

ಇದನ್ನು ಅವರಿಗೆ ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದರು. ನಂತರ ತಾವಾಗಿಯೇ ಒಂದು ಘಟನೆ ಹೇಳಿದರು. ಕಳೆದ ವರ್ಷ ಸಭೆಯ ಒಬ್ಬ ಯುವಕ ಆರಾಧನೆ ಮುಗಿದ ಗದ್ದಲದಲ್ಲೇ ಇವರ ಬಳಿ ಬಂದು, “ಸಾಲದ ಕಾಟ ತಡೆಯಲಾಗುತ್ತಿಲ್ಲ” ಎಂದಿದ್ದ. ಇವರಿಗೆ ಕೇಳಿಸಿದ್ದು ‘ಶಾಲೆಯ ಕಾಟ’. ಮಕ್ಕಳನ್ನು ನಡೆಯಬೇಕಾದ ಮಾರ್ಗದಲ್ಲಿ ಬೆಳೆಸುವ ಬಗ್ಗೆ ಬೈಬಲಿನ ಜ್ಞಾನೋಕ್ತಿ ಗ್ರಂಥದಿಂದ ಹದಿನೈದು ನಿಮಿಷ ಬೋಧಿಸಿ, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿ ಕಳುಹಿಸಿದರು. ಆ ಯುವಕ ಆಮೇಲೆ ಇವರ ಬಳಿ ಬರಲಿಲ್ಲ. ನಿಜ ತಿಳಿದದ್ದು ಬೇರೆಯವರಿಂದ, ಆರು ತಿಂಗಳ ಮೇಲೆ. “ಅಂದಿನಿಂದ ಯಾರಾದರೂ ಹತ್ತಿರ ಬಂದರೆ ಅವರು ಬಾಯಿ ತೆರೆಯುವ ಮೊದಲೇ ನಾನು ವಾಕ್ಯ ಶುರುಮಾಡುತ್ತೇನೆ ತಂಗಿ” ಎಂದರು. ಇಷ್ಟು ಪ್ರಾಮಾಣಿಕವಾಗಿ ತನ್ನ ಒಳಗನ್ನು ತೆರೆದಿಟ್ಟ ಮನುಷ್ಯನನ್ನು ನಾನು ಹೆಚ್ಚು ಕಂಡಿಲ್ಲ.

ಪರೀಕ್ಷೆ ಮಾಡಿಸಲು ಮಾತ್ರ ಒಪ್ಪಲಿಲ್ಲ. ಕಿವಿಗೆ ಮಷಿನ್ ಹಾಕಿಕೊಂಡರೆ ಸಭೆಯವರು ಏನೆಂದಾರು? ಸ್ವಸ್ಥತೆಗಾಗಿ ಇತರರ ಮೇಲೆ ಕೈಯಿಟ್ಟು ಪ್ರಾರ್ಥಿಸುವವನ ನಂಬಿಕೆ ಇಷ್ಟೇ ಏನು? ‘ಕೇಳಲು ಕಿವಿಯುಳ್ಳವನು ಕೇಳಲಿ’ ಎಂದು ಸಾರುವವನಿಗೇ ಕಿವಿಯಿಲ್ಲವೇ?

ನಾನೂ ಅದೇ ನಂಬಿಕೆಯವಳು. ಅವರು ಬಯಸಿದ್ದರಿಂದ ಬೈಬಲ್ ತೆರೆದೇ ಮಾತನಾಡಿದೆವು. ಮಾರ್ಕನ ಸುವಾರ್ತೆಯ 7ನೆಯ ಅಧ್ಯಾಯದ ಕೊನೆಯಲ್ಲಿ ಕಿವುಡನಾದ ತೊದಲು ಮಾತಿನವನೊಬ್ಬನನ್ನು ಯೇಸುವಿನ ಬಳಿ ಕರೆತರುತ್ತಾರೆ. ಯೇಸು ಅವನನ್ನು ಜನರ ಗುಂಪಿನಿಂದ ಒಂದು ಕಡೆಗೆ ಕರೆದೊಯ್ಯುತ್ತಾನೆ. ಅವನ ಕಿವಿಯಲ್ಲಿ ಬೆರಳಿಟ್ಟು, ಆಕಾಶದ ಕಡೆ ನೋಡಿ ನಿಟ್ಟುಸಿರುಬಿಟ್ಟು, ‘ಎಪ್ಫಥಾ’, ತೆರೆಯಲಿ, ಎನ್ನುತ್ತಾನೆ. ಮೊದಲು ಕಿವಿ ತೆರೆಯುತ್ತದೆ, ನಂತರ ನಾಲಗೆಯ ಕಟ್ಟು ಸಡಿಲುತ್ತದೆ. ಇದನ್ನು ನೂರು ಸಲ ಓದಿದ್ದ ಹಿರಿಯರು ಆ ದಿನ ‘ಒಂದು ಕಡೆಗೆ’ ಎಂಬ ಮಾತಿನ ಮೇಲೆ ಬೆರಳಿಟ್ಟು ನಿಂತರು. ಆ ಕಿವುಡನಲ್ಲಿ ಯೇಸು ಪಾಪ ಹುಡುಕಲಿಲ್ಲ, ಎಲ್ಲರೆದುರು ನಿಲ್ಲಿಸಿ ಪ್ರದರ್ಶಿಸಲೂ ಇಲ್ಲ. “ಹಾಗಾದರೆ ನಾವೂ ಗುಂಪಿನಿಂದ ಈಚೆಗೆ ಹೋಗಿಬರೋಣ” ಎಂದೆ. ಅವರಿಗೂ ಮಗಳಿಗೂ ನನಗೂ ಮಾತ್ರ ತಿಳಿದಂತೆ ಶ್ರವಣ ಪರೀಕ್ಷೆ ನಡೆಯಿತು. ಎರಡೂ ಕಿವಿಗಳಲ್ಲಿ ನಷ್ಟವಿತ್ತು, ತೀಕ್ಷ್ಣ ಸ್ವರಗಳಲ್ಲಿ ಹೆಚ್ಚು. ಜೂನ್ ತಿಂಗಳಲ್ಲಿ ಶ್ರವಣ ಸಾಧನಗಳು ಬಂದವು. ಮೊದಲ ವಾರಗಳಲ್ಲಿ ತಟ್ಟೆಯ ಸದ್ದು, ಕಾಗದದ ಸರಸರ ಎಲ್ಲವೂ ತಲೆಗೆ ಹೊಡೆಯುತ್ತದೆ, ಮಿದುಳು ಒಗ್ಗಿಕೊಳ್ಳಲು ಸಮಯ ಬೇಕು ಎಂದು ಪರೀಕ್ಷಿಸಿದ ತಜ್ಞೆ ಮೊದಲೇ ಹೇಳಿದ್ದರು. ಹಾಗೆಯೇ ಆಯಿತು. ಹೆಂಡತಿ ರೊಟ್ಟಿ ಬಡಿಯುವ ಸದ್ದು ಅಂಗಳದವರೆಗೆ ಬರುತ್ತದೆಂದು ಬೆರಗಿನಿಂದ ಹೇಳಿಕೊಂಡರು.

ಪ್ರಕರಣ ಇಲ್ಲಿಗೆ ಮುಗಿಯಿತೆಂದು ನಾನು ಭಾವಿಸಿದ್ದೆ. ಜುಲೈಯಲ್ಲಿ ಮಗಳು ಒಬ್ಬಳೇ ಬಂದು, “ಅಪ್ಪನಿಗೆ ಈಗ ಕೇಳಿಸುತ್ತದೆ ಮೇಡಂ. ಆದರೆ ಅಪ್ಪ ಕೇಳುವುದಿಲ್ಲ” ಎಂದಳು. ಸಂಜೆಯ ಪ್ರಾರ್ಥನೆಯಲ್ಲಿ ಈಗಲೂ ನಲವತ್ತು ನಿಮಿಷ ಅವರದೇ ಬೋಧನೆ ನಡೆಯುತ್ತಿತ್ತು. ಕಿವಿ ತೆರೆದಿತ್ತು, ರೂಢಿ ಮುಚ್ಚಿಕೊಂಡೇ ಇತ್ತು. ಅದರ ಕೆಳಗೆ ಆ ಭಯವೂ ಇತ್ತು: ಬೈಬಲಿನ ಪ್ರವಾದಿ ಯೆಹೆಜ್ಕೇಲನ ಗ್ರಂಥದಲ್ಲಿ ಬರುವ ಕಾವಲುಗಾರನ ಮಾತು. ಎಚ್ಚರಿಸದಿದ್ದರೆ ಸಾಯುವವನ ರಕ್ತ ಕಾವಲುಗಾರನ ಮೇಲೆ. ಎಳೆಯ ವಯಸ್ಸಿನಲ್ಲಿ ಒಬ್ಬ ಬೋಧಕರಿಂದ ಕೇಳಿದ್ದು ಅವರ ಎದೆಯಲ್ಲಿ ನಾಟಿಕೊಂಡಿತ್ತು. ಪ್ರೀತಿಯಿಂದ ಹಂಚುವವನು ಎದುರಿನವರ ಮುಖ ನೋಡುತ್ತಾನೆ. ಹೊಣೆ ಕಳೆದುಕೊಳ್ಳಲು ಹಂಚುವವನಿಗೆ ಮುಖ ಕಾಣುವುದಿಲ್ಲ.

ಮುಂದಿನ ಮೂರು ಭೇಟಿಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಇದರ ಮೇಲೆಯೇ. ಯೆಹೆಜ್ಕೇಲ 33:7ರಲ್ಲಿ ಕಾವಲುಗಾರನಿಗೆ ಬಂದ ಆಜ್ಞೆ ನೇರವಾಗಿ ‘ಎಚ್ಚರಿಸು’ ಎಂದಲ್ಲ. ನನ್ನ ಬಾಯಿಂದ ಬಂದ ಮಾತನ್ನು ಕೇಳಿ, ಆಮೇಲೆ ಎಚ್ಚರಿಸು ಎಂದು. ಅದಕ್ಕೂ ಮೊದಲು, 3:15ರಲ್ಲಿ, ಯೆಹೆಜ್ಕೇಲನು ಬಾಬೆಲಿನ ಕೆಬಾರ್ ನದಿಯ ದಡದಲ್ಲಿದ್ದ ಸೆರೆಯವರ ಬಳಿಗೆ ಹೋಗಿ, ಅವರು ಕುಳಿತಲ್ಲೇ ತಾನೂ ಏಳು ದಿನ ದಿಗ್ಭ್ರಮೆಯಿಂದ ಕುಳಿತ. ಕಾವಲಿನ ಕೆಲಸ ಬಂದದ್ದು ಆ ಏಳು ದಿನಗಳ ನಂತರ. ಹಿರಿಯರು ಈ ಎರಡು ವಚನಗಳನ್ನು ಒಟ್ಟಿಗೆ ಇಟ್ಟು ಎಂದೂ ಓದಿರಲಿಲ್ಲ. ಬೋಧಿಸುವವರು ಸಾಮಾನ್ಯವಾಗಿ ಎಚ್ಚರಿಕೆಯ ವಚನವನ್ನೇ ಎತ್ತುತ್ತಾರೆ, ಕುಳಿತ ವಚನವನ್ನು ಬಿಡುತ್ತಾರೆ. ಇದು ನನ್ನನ್ನು ಬಹಳ ಕಾಲದಿಂದ ನೋಯಿಸುತ್ತಿರುವ ಸಂಗತಿ.

ದೀಪದ ಮಾತೂ ಹೀಗೆಯೇ. ಮಾರ್ಕ 4ರಲ್ಲಿ ಬಿತ್ತುವವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಮುಗಿದ ಕೂಡಲೇ ದೀಪದ ಮಾತು ಬರುತ್ತದೆ. ಆ ಸಾಮ್ಯ ಇಡಿಯಾಗಿ ಕೇಳುವವರ ಬಗ್ಗೆ: ವಾಕ್ಯವನ್ನು ಕೇಳಿದ ನಾಲ್ಕು ಬಗೆಯ ನೆಲಗಳು. ದೀಪದ ನಂತರದ ಮಾತೂ ಕಿವಿಯದೇ: ನೀವು ಏನು ಕೇಳುತ್ತೀರೋ ಅದರ ಬಗ್ಗೆ ಎಚ್ಚರವಾಗಿರಿ, ನೀವು ಅಳೆಯುವ ಅಳತೆಯಿಂದಲೇ ನಿಮಗೂ ಅಳೆಯಲಾಗುವುದು. ಲೂಕ 8:18ರಲ್ಲಿ ಅದೇ ಎಚ್ಚರಿಕೆ ‘ಹೇಗೆ ಕೇಳುತ್ತೀರಿ’ ಎಂದಾಗುತ್ತದೆ. ಇನ್ನು ಮತ್ತಾಯ 5ರ ದೀಪದಲ್ಲಿ ಜನ ಕಾಣಬೇಕಾದದ್ದು ನಿಮ್ಮ ಒಳ್ಳೆಯ ಕ್ರಿಯೆಗಳನ್ನು. ದೀಪವೆಂದರೆ ನಾಲಗೆ ಎಂದು ಈ ಮೂವರಲ್ಲಿ ಯಾರೂ ಹೇಳಿಲ್ಲ. ಕೊಳಗವೂ ಅಳತೆಯ ಪಾತ್ರೆಯೇ ಅಲ್ಲವೇ ಎಂದು ಹಿರಿಯರೇ ಕೇಳಿದರು. ಸುವಾರ್ತೆಯ ಗ್ರೀಕ್ ಮೂಲದಲ್ಲಿರುವ ‘ಮೋದಿಯೊಸ್’ ಸುಮಾರು ಒಂಬತ್ತು ಲೀಟರ್ ಹಿಡಿಯುವ, ಧಾನ್ಯ ಅಳೆಯುವ ಪಾತ್ರೆ ಎಂದೆ. ತೊಗರಿಯ ನಡುವೆ ಬದುಕು ಸವೆಸಿದ ಅವರು ಸ್ವಲ್ಪ ಹೊತ್ತು ಯೋಚಿಸಿ, “ಅಳೆಯಬೇಕಾದ ಪಾತ್ರೆಯನ್ನು ನಾನು ಬೋರಲು ಹಾಕಿದ್ದೆ. ಅದರಲ್ಲಿ ಯಾರ ಮಾತೂ ತುಂಬಲಿಲ್ಲ, ದೀಪವೂ ಅದರ ಕೆಳಗೇ ಹೋಯಿತು” ಎಂದರು. ಈ ಅರ್ಥ ನನಗೆ ಹೊಳೆದಿರಲಿಲ್ಲ. ಅದು ಅವರದು.

ಕೊಟ್ಟ ಸಲಹೆ ಹೀಗಿತ್ತು. ಸಂಜೆಯ ಪ್ರಾರ್ಥನೆಯಲ್ಲಿ ಟಿವಿ, ಫ್ಯಾನ್ ಆರಿಸಿ ಎಲ್ಲರೂ ಮುಖ ಕಾಣುವಂತೆ ಕುಳಿತುಕೊಳ್ಳಬೇಕು. ವಾಕ್ಯವನ್ನು ಹಿರಿಯರ ಬದಲು ಹೆಂಡತಿ ಓದಬೇಕು. ಓದಿದ ಮೇಲೆ ಪ್ರತಿಯೊಬ್ಬರೂ ತಮಗೆ ಏನು ಕೇಳಿಸಿತೆಂದು ಹೇಳಬೇಕು, ಹಿರಿಯರ ಸರದಿ ಕೊನೆಯದು. ಅವರು ತಮ್ಮ ಮಾತಿಗೆ ಮೊದಲು ಹೆಂಡತಿ ಮತ್ತು ಮಗಳು ಹೇಳಿದ್ದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. “ಹೌದು, ನಾನು ಹೇಳಿದ್ದು ಅದೇ” ಎಂದು ಆ ಇಬ್ಬರೂ ಒಪ್ಪುವ ತನಕ ಮುಂದೆ ಹೋಗುವಂತಿಲ್ಲ. “ಹೌದು, ಹೌದು” ಎಂಬ ತಲೆಯಾಟಕ್ಕೆ ಬದಲಾಗಿ “ಇನ್ನೊಮ್ಮೆ ಹೇಳು” ಎನ್ನುವುದನ್ನು ಕಲಿಯಬೇಕು. ಮನೆಯವರಿಗೂ ಕೆಲಸವಿತ್ತು: ಅಡುಗೆಮನೆಯಿಂದ ಕೂಗಿ ಮಾತನಾಡಬಾರದು, ಎದುರಿಗೆ ಬಂದು ನಿಧಾನವಾಗಿ ಹೇಳಬೇಕು. ಹೊರಗಿನ ಮನೆಗಳಲ್ಲಿ, ಆ ಮನೆಯವರು ಕೇಳಿದರೆ ಮಾತ್ರ ವಾಕ್ಯ. ನಮ್ಮ ಭಾಷೆ ಇಲ್ಲಿ ಸಹಾಯಕ್ಕೆ ಬಂತು. ಕೇಳುವುದೆಂದರೆ ಕನ್ನಡದಲ್ಲಿ ಆಲಿಸುವುದೂ ಹೌದು, ಪ್ರಶ್ನಿಸುವುದೂ ಹೌದು. ಎರಡನ್ನೂ ಮಾಡಿ ಎಂದೆ.

ಒಪ್ಪಿದ್ದು ಸುಲಭವಾಗಿರಲಿಲ್ಲ, ನಡೆಸಿದ್ದು ಇನ್ನೂ ಕಷ್ಟ. ಮೊದಲ ವಾರದಲ್ಲಿ ಎರಡು ದಿನ ಹಳೆಯ ಬೋಧನೆಗೆ ಜಾರಿದರು. ಹೆಂಡತಿಗೂ ಮಾತು ಬರಲಿಲ್ಲ. ಮೂವತ್ತು ವರ್ಷ ಸುಮ್ಮನೆ ಕುಳಿತವರಿಗೆ ‘ನಿಮಗೆ ಏನು ಕೇಳಿಸಿತು’ ಎಂದರೆ ಗಾಬರಿಯೇ ಆಗುತ್ತದೆ. ಆ ಸಾಲದ ಯುವಕನ ಮನೆಗೆ ಹಿರಿಯರು ಆಗಸ್ಟ್‌ನಲ್ಲಿ ಹೋದರು. ತಮ್ಮ ಕಿವಿಯ ಸಾಧನ ತೋರಿಸಿ, ಅಂದು ನಡೆದದ್ದನ್ನು ಹೇಳಿ ಕ್ಷಮೆ ಕೇಳಿದರು. ಅವನ ಸಾಲ ಇನ್ನೂ ಇದೆ. ಅವನು ಅಂದು ಒಂದು ತಾಸು ಮಾತನಾಡಿದ ಎಂದಷ್ಟೇ ನನಗೆ ಗೊತ್ತು, ಏನು ಮಾತನಾಡಿದನೆಂದು ಹಿರಿಯರು ನನಗೂ ಹೇಳಲಿಲ್ಲ. ಅದು ಸರಿಯೇ.

ಸೆಪ್ಟೆಂಬರಿನ ಭೇಟಿಗೆ ತಂದೆ ಮಗಳು ಒಟ್ಟಿಗೆ ಬಂದರು. ಮಗಳು ಪ್ರಾರ್ಥನೆ ಬಿಟ್ಟದ್ದಕ್ಕೆ ಉದ್ದದ ಬೋಧನೆಯೇ ಕಾರಣವೆಂದು ನಾವೆಲ್ಲ ತಿಳಿದಿದ್ದೆವು. ಅಲ್ಲ. ಫೆಬ್ರವರಿಯಲ್ಲಿ ಒಂದು ಸಂಜೆ, ಟಿವಿ ಹಚ್ಚಿದ್ದಾಗ, ಅವಳು ಬಾಗಿಲ ಬಳಿ ನಿಂತು, “ಅಪ್ಪಾ, ನಾನು ಪ್ರಾರ್ಥಿಸುವಾಗ ಆ ಕಡೆ ಯಾರೂ ಇಲ್ಲ ಎನಿಸುತ್ತದೆ” ಎಂದಿದ್ದಳು. ತಂದೆ ತಲೆಯಾಡಿಸಿ, “ಹೌದು ಅವ್ವಾ, ದೇವರಿಗೆ ಸ್ತೋತ್ರ” ಎಂದಿದ್ದರು. ವರ್ಷಗಟ್ಟಲೆ ಒಳಗಿಟ್ಟುಕೊಂಡಿದ್ದನ್ನು ಹೇಳಿದ್ದಕ್ಕೆ ಸಿಕ್ಕ ಉತ್ತರ ಅದು. ಅವಳು ನನ್ನ ಕೋಣೆಯಲ್ಲಿ ಅದೇ ಮಾತನ್ನು ತಂದೆಯ ಮುಖ ನೋಡಿ ಇನ್ನೊಮ್ಮೆ ಹೇಳಿದಳು.

ಹಿರಿಯರ ಕೈ ಬೈಬಲಿನ ಮೇಲಿತ್ತು. ಈ ಪ್ರಶ್ನೆಗೆ ಅವರ ಬಳಿ ಹತ್ತು ವಚನಗಳಿದ್ದವು. ನನ್ನ ಬಳಿಯೂ ಇದ್ದವು. ಅವರು ಕೈ ತೆಗೆದು ಕುರ್ಚಿಯನ್ನು ಮಗಳ ಕಡೆಗೆ ತಿರುಗಿಸಿಕೊಂಡರು. “ಆ ಕಡೆ ಯಾರೂ ಇಲ್ಲ ಎನಿಸುತ್ತದೆ ಎಂದು ನೀನು ಹೇಳಿದೆ. ನನಗೆ ಸರಿಯಾಗಿ ಕೇಳಿಸಿತೇ?”

ಅವಳು ಹೌದೆಂದಳು.

“ಯಾವಾಗಿನಿಂದ ಅವ್ವಾ?”