‘ಹಾಲು ಸಾಲ್ತಿಲ್ಲ’ ಅಂತ ಬಂದ ತಾಯಿ

ಗುರುತು ಸಿಗುವಂಥ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಮೊದಲ ಹೆರಿಗೆ, ಮಗುವಿಗೆ ಐದು ವಾರ. ತಾಯಿ ಬಂದು ಕೂತವರೇ ಕೇಳಿದರು: “ಹಾಲು ಸಾಲ್ತಿಲ್ಲ ಮೇಡಂ. ರಾತ್ರಿ ಪುಡಿ ಹಾಲು ಶುರು ಮಾಡಿದೀನಿ. ಪೂರ್ತಿ ಅದನ್ನೇ ಕೊಟ್ಬಿಡ್ಲಾ?”

ಸಾಲ್ತಿಲ್ಲ ಅಂತ ಯಾಕನ್ನಿಸ್ತು ಅಂತ ಕೇಳಿದೆ. ಸಂಜೆಯಾದರೆ ಮಗು ಬಿಟ್ಟೂಬಿಡದೆ ಮೊಲೆ ಕೇಳುತ್ತದೆ. ಮೊದಲು ಬಿಗಿಯುತ್ತಿದ್ದ ಎದೆ ಈಗ ಮೆತ್ತಗಾಗಿದೆ. ಪಂಪ್ ಇಟ್ಟರೆ ಬಾಟಲಿಯ ತಳ ಮುಚ್ಚುವಷ್ಟು ಬಂದರೆ ಹೆಚ್ಚು. ಜೊತೆಗೆ ಅತ್ತೆ ದಿನಾ “ಮಗು ಹಸಿದಿದೆ ಅನ್ಸುತ್ತೆ” ಅಂತಾರೆ. ಕೆಟ್ಟ ಮನಸ್ಸಿನಿಂದಲ್ಲ, ಮೊಮ್ಮಗು ಅತ್ತರೆ ಅವರಿಗೂ ಸಂಕಟ ಅಲ್ವಾ.

ಇದರಲ್ಲಿ ಯಾವುದೂ ಹಾಲು ಕಡಿಮೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಈ ವಯಸ್ಸಿನಲ್ಲಿ ಸಂಜೆ ಹೊತ್ತು ಪದೇ ಪದೇ ಕುಡಿಯುವುದು ಸಹಜ. ಕೆಲವು ವಾರ ಕಳೆದ ಮೇಲೆ ಎದೆ ಮೆತ್ತಗಾಗುವುದೂ ಸಹಜ, ಮಗುವಿಗೆ ಎಷ್ಟು ಬೇಕೋ ಅಷ್ಟಕ್ಕೆ ದೇಹ ಹೊಂದಿಕೊಂಡಿದೆ ಅಷ್ಟೇ. ಮಗು ಎಳೆದುಕೊಳ್ಳುವ ಹಾಗೆ ಪಂಪ್ ಎಳೆಯುವುದಿಲ್ಲ, ಹಾಗಾಗಿ ಅದರಿಂದ ಅಳತೆ ಸಿಗುವುದಿಲ್ಲ. ನೋಡಬೇಕಾದ್ದು ಎರಡು: ಮೂತ್ರ ಮತ್ತು ತೂಕ. ಹುಟ್ಟಿದ ಐದನೇ ದಿನದಿಂದ 24 ಗಂಟೆಗೆ ಆರು ಸಲವಾದರೂ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು. ಮೊದಲ ದಿನಗಳಲ್ಲಿ ಇಳಿದ ತೂಕ ಸುಮಾರು ಎರಡು ವಾರದೊಳಗೆ ವಾಪಸ್ ಬಂದು, ಆಮೇಲೆ ಏರುತ್ತಾ ಹೋಗಬೇಕು. ಅವರು ತಂದಿದ್ದ ಕಾರ್ಡ್ ನೋಡಿದೆ. ಬಾಟಲಿ ಶುರುವಾಗುವ ಮೊದಲೇ ತೂಕ ಚೆನ್ನಾಗಿ ಏರಿತ್ತು.

ಆದರೆ ಆ ಬಾಟಲಿ ಬೇರೆ ಕೆಲಸ ಮಾಡುತ್ತಿತ್ತು. ಎದೆಯಿಂದ ಎಷ್ಟು ಹಾಲು ಹೊರಗೆ ಹೋಗುತ್ತದೋ ಅಷ್ಟನ್ನೇ ದೇಹ ತಯಾರಿಸುತ್ತದೆ. ಹಾಲು ತಯಾರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರಿ ಜಾಸ್ತಿ, ಅದೇ ಹೊತ್ತಿನಲ್ಲಿ ಮಗು ಬಾಟಲಿ ಕುಡಿದು ಮಲಗಿದರೆ ತುಂಬಿದ ಎದೆ ಹಾಗೇ ಉಳಿದು, ಇಷ್ಟು ಹಾಲು ಬೇಕಿಲ್ಲ ಅಂತ ದೇಹ ತಿಳಿಯುತ್ತದೆ. ಸುಳ್ಳು ಅನುಮಾನ ನಿಧಾನಕ್ಕೆ ನಿಜವಾಗುವುದು ಹೀಗೆ.

ಮಗುವಿಗೆ ಕುಡಿಸುವಾಗ ಪಕ್ಕದಲ್ಲಿ ಕೂತು ನೋಡಿದೆ. ಬರೀ ತೊಟ್ಟು ಬಾಯಲ್ಲಿತ್ತು, ಅವರಿಗೆ ನೋವು. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ಹಿಡಿಸಿ, ಬಾಯಿ ಅಗಲ ತೆರೆದಾಗ ಸುತ್ತಲಿನ ಕಪ್ಪು ಭಾಗವೂ ಒಳಗೆ ಹೋಗುವಂತೆ, ಗದ್ದ ಎದೆಗೆ ಒತ್ತುವಂತೆ ಮಾಡಿದ ಮೇಲೆ ನೋವು ಕಡಿಮೆಯಾಯಿತು, ಮಗು ನುಂಗುವ ಸದ್ದೂ ಕೇಳಿಸಿತು.

ಆಗ ಅವರು ಅಂದದ್ದು ನನ್ನನ್ನು ತಟ್ಟಿತು. “ಎಲ್ಲರೂ ಮಗುಗೆ ಒಳ್ಳೇದು ಅಂತಾರೆ, ನನಗೇನು ಅಂತ ಯಾರೂ ಹೇಳಲ್ಲ.” ನಿಜ. ಮಗುವಿನ ಮಾತು ಗೊತ್ತಿರುವುದೇ: ತಾಯಿಗೆ ಎದುರಾದ ಸೋಂಕುಗಳ ವಿರುದ್ಧದ ಪ್ರತಿಕಾಯಗಳು ಹಾಲಿನಲ್ಲಿ ಬಂದು ಮಗುವಿನ ಕರುಳಿಗೆ ಕಾವಲು ಕೂರುತ್ತವೆ, ಭೇದಿ, ನ್ಯುಮೋನಿಯಾ, ಕಿವಿಯ ಸೋಂಕು ಕಡಿಮೆ. ತಾಯಿಗೂ ಇದೆ ಲಾಭ, ಅದನ್ನು ಹೇಳದೇ ಇರುವುದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಮಗು ಚೀಪಿದಾಗ ಬರುವ ಆಕ್ಸಿಟೋಸಿನ್ ಹಾರ್ಮೋನಿನಿಂದ ಗರ್ಭಕೋಶ ಕುಗ್ಗುತ್ತದೆ, ಹೆರಿಗೆ ನಂತರದ ರಕ್ತಸ್ರಾವ ತಗ್ಗುತ್ತದೆ. ಸ್ತನ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್, ಟೈಪ್ 2 ಡಯಾಬಿಟೀಸ್ ಮೂರರ ಅಪಾಯವೂ ಕಡಿಮೆ. 2002ರಲ್ಲಿ 30 ದೇಶಗಳ 47 ಅಧ್ಯಯನಗಳನ್ನು ಒಟ್ಟಿಗೆ ನೋಡಿದಾಗ, ಹಾಲುಣಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರ್ ಅಪಾಯ ಶೇ 4.3ರಷ್ಟು ಇಳಿದಿತ್ತು.

ಕೊಟ್ಟ ಸಲಹೆ ಇಷ್ಟು. ಬಾಟಲಿಯನ್ನು ಒಂದೇ ಸಲಕ್ಕೆ ನಿಲ್ಲಿಸಬೇಡಿ. ಮೊದಲು ಎರಡೂ ಕಡೆ ಕುಡಿಸಿ, ಆಮೇಲೂ ಬೇಕೆನಿಸಿದರೆ ಮಾತ್ರ ಸ್ವಲ್ಪ ಕೊಡಿ, ಮಕ್ಕಳ ವೈದ್ಯರ ಹತ್ತಿರ ತೂಕ ನೋಡಿಸುತ್ತಾ ಇಳಿಸಿ. ದಿನಕ್ಕೆ 8ರಿಂದ 12 ಸಲ ಕುಡಿಸಿ, ರಾತ್ರಿಯದ್ದು ತಪ್ಪಿಸಬೇಡಿ. ಮಗುವಿಗೆ ಮೂತ್ರ ಕಡಿಮೆಯಾದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೋಗಿ. ನಿಮಗೆ ಎರಡು ವಾರಕ್ಕಿಂತ ಜಾಸ್ತಿ ದಿನ ಸುಮ್ನೆ ಅಳು ಬರುತ್ತಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದಕ್ಕೆ ಚಿಕಿತ್ಸೆ ಇದೆ. ಇಷ್ಟೆಲ್ಲ ಮಾಡಿಯೂ ಪುಡಿ ಹಾಲು ಬೇಕಾಗಬಹುದು. ಬೇಕಾದರೆ ಕೊಡಿ, ಅದರಿಂದ ನೀವು ಕಡಿಮೆ ತಾಯಿ ಆಗುವುದಿಲ್ಲ.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಒದ್ದೆ ಬಟ್ಟೆ ಎಣಿಸುವ ಕೆಲಸ ಅವರಿಗೇ ಕೊಟ್ಟೆ, ಹಾಲು ಕುಡಿಸಿದ ಮೇಲೆ ಮಗುವನ್ನು ಎತ್ತಿಕೊಂಡು ಸೊಸೆಗೆ ನಿದ್ದೆ ಮಾಡಲು ಬಿಡಿ ಅಂದೆ. ಅವರು ಖುಷಿಯಿಂದಲೇ ಒಪ್ಪಿದರು. ಬಾಟಲಿ ಬರಬರುತ್ತಾ ನಿಂತಿತು, ತೂಕ ಏರುತ್ತಲೇ ಇತ್ತು.

ಈಗ ಅವರ ಪ್ರಶ್ನೆ ಕೆಲಸಕ್ಕೆ ವಾಪಸ್ ಹೋಗುವುದರದ್ದು. ಹಿಂಡಿ ತೆಗೆದ ಹಾಲು ಹೊರಗೆ 25 ಡಿಗ್ರಿವರೆಗಿನ ತಾಪಮಾನದಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರುತ್ತದೆ ಅಂತ ಹೇಳಿದ್ದೇನೆ. ಆರು ತಿಂಗಳು ತುಂಬುವವರೆಗೆ ನೀರೂ ಬೇಡ. ಆಮೇಲೆ ಊಟದ ಜೊತೆಗೆ ಎರಡು ವರ್ಷ, ಬೇಕೆನಿಸಿದರೆ ಇನ್ನೂ ಮುಂದೆ ಹಾಲುಣಿಸಬಹುದು.